ಗೆರೆ ನೇರವಾಗುವ ತನಕ

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು. ಫ್ರಿಜ್ಜಿನ ಪ್ಲಗ್ಗು ಕೀಳಬೇಕು. ಗೋಡೆ ಗಡಿಯಾರವನ್ನು ಇಳಿಸಿ ಅದರ ಬೆನ್ನಿನಿಂದ ಬ್ಯಾಟರಿ ತೆಗೆಯಬೇಕು. ತೊಟ್ಟಿಕ್ಕುವ ನಲ್ಲಿಯ ಬಾಯಿಗೆ ಹಳೇ ಬಟ್ಟೆಯ ಪಟ್ಟಿ ಕಟ್ಟಿ, ತುದಿಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟು, ನೀರು ಸದ್ದಿಲ್ಲದೆ ಜಾರಿಹೋಗುವಂತೆ ಮಾಡಬೇಕು. ಬೆಕ್ಕಿಗೆ ಹಾಲು ಹಾಕಿ, ಅದು ಮೂತಿ ಒರೆಸಿಕೊಳ್ಳುವಷ್ಟರಲ್ಲಿ ಎತ್ತಿ ಹಿತ್ತಲಿಗೆ ದಾಟಿಸಬೇಕು. ಪಕ್ಕದ ಮನೆಯ ನಾಯಿಗೆ ಕಾಂಪೌಂಡಿನ ಮೇಲಿಂದ ಬಿಸ್ಕತ್ತು ಎಸೆಯಬೇಕು. ಒಂದೇ ಸಲ ಎಸೆದರೆ ತಿಂದು ಮುಗಿಸಿ ಇನ್ನಷ್ಟಕ್ಕೆ ಬೊಗಳುತ್ತದೆ, ಅದಕ್ಕೇ ಬಿಟ್ಟು ಬಿಟ್ಟು ಎಸೆಯಬೇಕು. ಮಗಳ ಫೋನು ದಿಂಬಿನ ಕೆಳಗೆ ಗುರುಗುಟ್ಟದಂತೆ ಆಫ್ ಮಾಡಬೇಕು. ಕೊನೆಗೆ ಅತ್ತೆಯನ್ನು ಎಬ್ಬಿಸಿ, ಬಿಸಿನೀರು ಕುಡಿಸಿ, ಬೆಳಗಿನ ಕೆಮ್ಮನ್ನೆಲ್ಲ ಮುಂಗಡವಾಗಿ ಕೆಮ್ಮಿಸಿ ಮತ್ತೆ ಮಲಗಿಸಬೇಕು.

ಇಷ್ಟೆಲ್ಲ ಆದ ಮೇಲೆ ಆ ಮನೆಯಲ್ಲಿ ಒಂದು ನಿಶ್ಶಬ್ದ ಹುಟ್ಟುತ್ತಿತ್ತು. ಅವಳ ಗಂಡ ತನ್ನ ಫೋನಿನ ಗುಂಪಿನವರಿಗೆ ಅದರ ಬಗ್ಗೆ ಹೀಗೆ ಬರೆದಿದ್ದ: "ನಮ್ಮ ಮನೆ ಮೊದಲಿಂದಲೂ ತುಂಬಾ ಸೈಲೆಂಟು. ಅದೊಂದು ನನ್ನ ಪುಣ್ಯ."

ಆ ಪುಣ್ಯವನ್ನು ದಿನಾ ಬೆಳಿಗ್ಗೆ ಕೈಯಾರೆ ತಯಾರಿಸುವವಳನ್ನು ಬೀದಿಯವರು ಹೊಲಿಗೆಯಕ್ಕ ಅನ್ನುತ್ತಿದ್ದರು. ಮುಂದಿನ ಕೋಣೆಯ ದೊಡ್ಡ ಕಿಟಕಿಯ ಕೆಳಗೆ ಮೋಟಾರಿನ ಚಿಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಹೊಲಿಯುತ್ತಿದ್ದಳು. ಪೂರ್ವದ ಬೆಳಕು ನೇರ ಸೂಜಿಯ ಮೇಲೆ ಬೀಳುವ ಜಾಗ ಅದು. ಹೊರಗಿನಿಂದ ಹೋಗಿ ಬರುವವರು ಅಲ್ಲೇ ನಿಂತು, "ಏನಕ್ಕಾ, ನನ್ನ ರವಿಕೆ ಕತ್ತರಿಗಾದ್ರೂ ಬಿತ್ತಾ?" ಅಂತ ಕೇಳುತ್ತಿದ್ದರು. "ಬಿತ್ತಮ್ಮ, ಇನ್ನು ಎದ್ದೇಳಬೇಕು" ಅಂತ ಇವಳೂ ಅನ್ನುತ್ತಿದ್ದಳು. ಅವಳಿಗೆ ಅದು ಅಂಗಡಿ, ಕಚೇರಿ, ಜಗಲಿ, ಮೂರೂ ಆಗಿತ್ತು.

ಗಂಡ ವಿಮಾ ಕಚೇರಿಯಲ್ಲಿ ಹಳೇ ಕಡತಗಳಿಗೆ ಹೊಸ ಸಂಖ್ಯೆ ಬರೆಯುವ ಕೆಲಸದಲ್ಲಿದ್ದ. ಒಳ್ಳೆಯವನೇ. ಕುಡಿತ ಇಲ್ಲ, ಬೈಗುಳ ಇಲ್ಲ. ತಿಂದ ತಟ್ಟೆಯನ್ನು ಸಿಂಕಿನವರೆಗೂ ಒಯ್ದು, ಅಲ್ಲಿ ಅದನ್ನು ಬಿಟ್ಟು, "ನಾನೇ ಎತ್ತಿಟ್ಟೆ" ಅಂತ ಹೇಳುವಷ್ಟು ಸಹಾಯವನ್ನೂ ಮಾಡುತ್ತಿದ್ದ. ಇಂಥವನು ಒಂದು ದಿನ ಎರಡು ಖಾಲಿ ಮರದ ಪೆಟ್ಟಿಗೆ ಮತ್ತು ಒಂದು ಚೀಲ ತುಂಬ ಬಿಡಿಭಾಗ ತಂದು, ಸ್ಪೀಕರ್ ಕಟ್ಟುವವರ ಆ ಫೋನಿನ ಗುಂಪಿನ ಸಲಹೆಯಂತೆ ಕೂಡಿಸಿ, ಎದೆಯೆತ್ತರದ ಎರಡು ಸ್ಪೀಕರ್ ಕಟ್ಟಿದ. ಕಟ್ಟಿದ ದಿನ ಒಂದು ಹಾಡು ಹಾಕಿದ. ಚೆನ್ನಾಗಿತ್ತು. ಅತ್ತೆ ತಲೆ ತೂಗಿದರು. ಮಗಳು ಜೋರಾಗಿ ಇಡಪ್ಪಾ ಅಂದಳು. ಹೊಲಿಗೆಯಕ್ಕನಿಗೂ ಯಂತ್ರದ ಪೆಡಲ್ಲು ತುಳಿಯುತ್ತ ಹಾಡು ಕೇಳುವ ಯೋಚನೆ ಹಿತವಾಗಿಯೇ ಕಂಡಿತು.

ಆ ಮನೆಯಲ್ಲಿ ಪೂರ್ತಿ ಒಂದು ಹಾಡು ಕೇಳಿದ್ದು ಅದೇ ಕೊನೆ.

ಯಾಕೆಂದರೆ ಗುಂಪಿನಲ್ಲಿ ಹಿರಿಯರೊಬ್ಬರಿದ್ದರು. ಅವರ ಮುಖವನ್ನು ಯಾರೂ ಕಂಡವರಿಲ್ಲ, ಎಲ್ಲರೂ ಅವರನ್ನು ಗುರುಗಳು ಅನ್ನುತ್ತಿದ್ದರು. ಅವರು ಕೇಳಿದರಂತೆ: "ಚೆನ್ನಾಗಿದೆ ಅಂತೀರಲ್ಲ, ಅಳತೆ ಎಲ್ಲಿ? ಕಿವಿಗೆ ಮೋಸ ಹೋಗೋದೇ ಕೆಲಸ. ಗ್ರಾಫ್ ಹಾಕಿ."

ಆವತ್ತಿಂದ ಅಳತೆ ಶುರುವಾಯಿತು. ಪುಕ್ಕಟೆ ಸಿಗುವ ಒಂದು ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಒಂದು ಮೈಕು, ಅದಕ್ಕೊಂದು ಕಾಲು ಬಂತು. ಸ್ಪೀಕರಿನಿಂದ ಒಂದು ಸ್ವರ ಹೊರಡುತ್ತದೆ. ತೀರಾ ಕೆಳಗಿನಿಂದ ಎದ್ದು ಮೇಲೆ ಮೇಲೆ ಏರುತ್ತ ಹೋಗುತ್ತದೆ. ಮೈಕು ಅದನ್ನು ಕೇಳಿಸಿಕೊಳ್ಳುತ್ತದೆ, ಸಾಫ್ಟ್‌ವೇರು ಅದನ್ನು ಒಂದು ಗೆರೆಯಾಗಿ ಬರೆಯುತ್ತದೆ. ಎಡತುದಿಯಲ್ಲಿ ದಪ್ಪ ಸದ್ದು, ಬಲತುದಿಯಲ್ಲಿ ಸಣ್ಣ ಸದ್ದು. ಗೆರೆ ಎಲ್ಲಿಯೂ ಏಳದೆ ಬೀಳದೆ ಸಪಾಟಾಗಿದ್ದರೆ ಸ್ಪೀಕರು ಉತ್ತಮ.

"ಎಮ್ಮೆ ನರಳೋಕೆ ಶುರು ಮಾಡಿ ಸೊಳ್ಳೆಯಾಗಿ ಸಾಯುತ್ತೆ" ಎಂದು ಮಗಳು ಆ ಸ್ವರವನ್ನು ವರ್ಣಿಸಿದಳು. ಕಿವಿ ಮಂದವಾದ ಅತ್ತೆಗೆ ಎಮ್ಮೆ ಮಾತ್ರ ಕೇಳಿಸುತ್ತಿತ್ತು, ಸೊಳ್ಳೆ ಕೇಳಿಸುತ್ತಿರಲಿಲ್ಲ. "ಪಾಪ, ಅರ್ಧಕ್ಕೇ ನಿಂತುಹೋಯ್ತಲ್ಲೋ" ಅಂತ ಮಗನಿಗೆ ದಿನಾ ಸಮಾಧಾನ ಹೇಳುತ್ತಿದ್ದರು.

ಬೀದಿ ಎಚ್ಚರಾಗುವ ಮುಂಚೆ ಅಳೆಯಬೇಕು. ಲ್ಯಾಪ್‌ಟಾಪಿನ ಒಳಗೊಂದು ಫ್ಯಾನು ಸದಾ ಗೊರಗೊರ ಅನ್ನುತ್ತದೆ, ಆ ಸದ್ದು ಮೈಕಿಗೆ ಬೀಳಬಾರದು. ಆದ್ದರಿಂದ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಉದ್ದದ ವೈರುಗಳನ್ನು ಬಾಗಿಲ ಸಂದಿಯಿಂದ ಮುಂದಿನ ಕೋಣೆಗೆ ಎಳೆದ. ಅವನು ಅಲ್ಲಿ ಮೈಕಿನ ಪಕ್ಕ ನಿಂತು ಕೈ ಎತ್ತಬೇಕು. ಇವಳು ಇಲ್ಲಿ ಸಂದಿಯಲ್ಲಿ ಕಣ್ಣಿಟ್ಟು, ಕೈ ಎದ್ದಾಗ ಕೆಂಪು ಗುಂಡಿ ಒತ್ತಬೇಕು, ಕೈ ಇಳಿದಾಗ ನಿಲ್ಲಿಸಬೇಕು.

"ಒತ್ತಿದ್ರೆ ಸಾಕು. ನಿಂಗೆ ಅರ್ಥ ಆಗಬೇಕು ಅಂತೇನಿಲ್ಲ" ಎಂದು ಅವನು ಮೊದಲ ದಿನವೇ ಅವಳ ಹೊರೆ ಇಳಿಸಿಬಿಟ್ಟಿದ್ದ.

ಗೆರೆ ಬಂತು. ಆದರೆ ಸಪಾಟಾಗಿರಲಿಲ್ಲ. ಬಲಗಡೆ ಜಾರುಬಂಡಿಯ ಹಾಗೆ ಇಳಿದುಹೋಗಿತ್ತು. ಸಣ್ಣ ಸದ್ದೆಲ್ಲ ಮಾಯ. ನಡುವೆ ಒಂದು ಉಬ್ಬು. ಗುಂಪಿನಲ್ಲಿ ಚರ್ಚೆಯಾಯಿತು. ಗುರುಗಳು ತೀರ್ಪು ಕೊಟ್ಟರು: "ನಿಮ್ಮ ಕೋಣೆಯಲ್ಲಿ ಬಟ್ಟೆ ಜಾಸ್ತಿ. ಬಟ್ಟೆ ಸಣ್ಣ ಸದ್ದನ್ನ ತಿನ್ನುತ್ತೆ."

ಹೊಲಿಯುವವಳ ಕೋಣೆಯಲ್ಲಿ ಬಟ್ಟೆ ಜಾಸ್ತಿ ಇರುವುದು ಅವನಿಗೆ ಆ ದಿನ ಗೊತ್ತಾಯಿತು.

ಮೊದಲು ಪರದೆ ಹೋಯಿತು. ಗೆರೆ ಕದಲಲಿಲ್ಲ. ನೆಲದ ಜಮಖಾನೆ ಹೋಯಿತು. ಕದಲಲಿಲ್ಲ. ದಿಂಬು, ಸೋಫಾದ ಹೊದಿಕೆ, ಬಾಗಿಲ ಹಿಂದಿನ ಕೊಡೆ ಕೂಡ ಹೋದವು. ಆಮೇಲೆ ಅವಳ ಬಟ್ಟೆಯ ಗಂಟುಗಳು. ಆಮೇಲೆ, ಗಂಟಿಲ್ಲದ ಕಡೆ ಯಂತ್ರ ಯಾಕೆ ಅಂತ, ಯಂತ್ರ. ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದು ಓಣಿ ಇತ್ತು, ಹಗಲಲ್ಲೂ ದೀಪ ಹಾಕಬೇಕಾದದ್ದು. ಒಮ್ಮೆ ಇಟ್ಟ ಮೈಕು ಹಗಲಲ್ಲೂ ಕದಲಬಾರದೆಂದು, ಅಲ್ಲಿಗೆ ಅವಳ ಕಸುಬು ಪೂರ್ತಿ ವರ್ಗವಾಯಿತು. ಸ್ನಾನಕ್ಕೆ ಹೋಗುವವರೆಲ್ಲ ಅವಳ ಬೆನ್ನು ಸವರಿಕೊಂಡೇ ಹೋಗಬೇಕು. ಕೊನೆಗೆ, ಅಳೆಯುವ ಹೊತ್ತಿನಲ್ಲಿ ಅವಳು ಕೋಣೆಗೆ ಕಾಲಿಡುವುದೂ ನಿಂತಿತು.

"ಮನುಷ್ಯರ ಮೈ, ಮೈಮೇಲಿನ ಬಟ್ಟೆ, ಎಲ್ಲಾ ಸದ್ದು ಹೀರೋ ವಸ್ತುಗಳೇ" ಅಂದ.

"ನೀವು ನಿಂತಿರ್ತೀರಲ್ಲ ಅಲ್ಲೇ?"

"ನಾನು ಅಳೆಯೋನು ಕಣೇ!"

ಅಳೆಯುವವನು ಹೀರುವುದಿಲ್ಲ ಎಂಬ ನಿಯಮ ಯಾವ ಶಾಸ್ತ್ರದಲ್ಲಿದೆಯೋ ಅವಳು ಕೇಳಲಿಲ್ಲ. ಬಾಗಿಲು ಸಂದಿಯಷ್ಟು ಬಿಟ್ಟು ಮುಚ್ಚಿದ ಮೇಲೆ, ಲ್ಯಾಪ್‌ಟಾಪಿನ ಮುಂದೆ ನಿಂತು, ತುಟಿ ಅಲುಗಿದ್ದೂ ಕಾಣದ ಹಾಗೆ ಗೊಣಗುತ್ತಿದ್ದಳು. ಅದೊಂದೇ ಅವಳಿಗೆ ಉಳಿದಿದ್ದ ಸುಖ. "ಹೀರೋ ವಸ್ತುವಂತೆ. ಎಲ್ಲರ ಬೆವರೂ ಕೊಳೆಯೂ ಹೀರ್ಕೊಂಡೇ ಬಂದಿದೀನಿ, ಈಗ ನಿಮ್ಮ ಸೊಳ್ಳೆಯನ್ನೂ ನಾನೇ ನುಂಗಿದ್ನಾ?" ಎಂದೋ, "ಎತ್ತಿ, ಎತ್ತಿ ಕೈನ. ಚಹಾದ ಲೋಟ ಎತ್ತಿಡೋಕೆ ಬಾರದ ಕೈ" ಎಂದೋ. ಮೈಕು ಆ ಕೋಣೆಯಲ್ಲಿದೆ, ಗಂಡನ ಕಿವಿ ಆ ಕೋಣೆಯಲ್ಲಿದೆ. ಇಲ್ಲಿ ಯಾರಿದ್ದಾರೆ?

ಓಣಿಗೆ ವರ್ಗವಾದ ಮೇಲೆ ಅವಳಿಗೊಂದು ದೊಡ್ಡ ಕೆಲಸ ಬಂತು. ಹೊಸದಾಗಿ ತೆರೆಯಲಿರುವ ಒಂದು ಚಿಕಿತ್ಸಾಲಯದ ನರ್ಸುಗಳಿಗೆಲ್ಲ ಕೋಟು. ಅಲ್ಲಿನ ಹೆಡ್ ನರ್ಸು ಅವಳ ಹಳೇ ಗಿರಾಕಿ. ಮಾತು ಒರಟು, ಮನಸ್ಸು ನೇರ. ಚೆನ್ನಾಗಿ ಬಂದರೆ ಮುಂದೆ ವರ್ಷವರ್ಷವೂ ಅಲ್ಲಿನ ಹೊಲಿಗೆಯೆಲ್ಲ ಇವಳದೇ ಎಂದು ಮಾತಾಗಿತ್ತು. ಮಾದರಿಯ ಕೋಟನ್ನು ತೊಟ್ಟು ನೋಡಲು ನರ್ಸಮ್ಮ ಬಂದರು. ಎಡತೋಳು ಸರಿಯಾಗಿತ್ತು. ಬಲತೋಳು ಹಿಂದುಮುಂದಾಗಿ ಕೂತಿತ್ತು. ಬಿಳಿ ಬಟ್ಟೆಯ ಒಳಮೈ ಹೊರಮೈ ಆ ದೀಪದಲ್ಲಿ ಗೊತ್ತಾಗುತ್ತಿರಲಿಲ್ಲ.

"ಇದೇನ್ರೀ, ಈ ತೋಳು ನನ್ನನ್ನೇ ಹಿಡಿದು ಎಳ್ಕೊಂಡು ಹೋಗೋ ಹಾಗಿದೆ? ನಿಮ್ಮ ಕೈಯಲ್ಲಿ ಇಂಥದ್ದು ನಾನು ನೋಡೇ ಇಲ್ಲ."

ಹೊಲಿಗೆಯಕ್ಕನ ಮುಖ ಕೆಂಪಾಯಿತು. ಓಣಿ ತೋರಿಸಿದಳು. ನರ್ಸಮ್ಮ ಓಣಿ ನೋಡಿದರು, ಮುಂದಿನ ಕೋಣೆ ನೋಡಿದರು. ಅಲ್ಲಿ ಬೆಳಕು ಸುರಿಯುತ್ತಿತ್ತು. ಬರಿಯ ನೆಲದ ಮೇಲೆ ಎರಡು ಮರದ ಪೆಟ್ಟಿಗೆ, ಒಂದು ಮೈಕು ಹಾಯಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಗಂಡ ಉತ್ಸಾಹದಿಂದ ಎದ್ದು ಬಂದು ಫೋನಿನಲ್ಲಿ ಗೆರೆ ತೋರಿಸಿದ, ಅದು ಸಪಾಟಾಗಬೇಕಾದ ಮಹತ್ವವನ್ನೂ ವಿವರಿಸಿದ.

"ನಮ್ಮಲ್ಲಿ ಗೆರೆ ಸಪಾಟಾದ್ರೆ ಮುಖಕ್ಕೆ ಬಟ್ಟೆ ಮುಚ್ತೀವಿ" ಎಂದರು ನರ್ಸಮ್ಮ. ಆಮೇಲೆ ಇವಳ ಕಡೆ ತಿರುಗಿ, "ನೋಡ್ರೀ, ಬೆಳಕಿರೋ ಕಡೆ ಕೂತು ಹೊಲೀರಿ. ಇನ್ನೊಂದ್ಸಲ ಹೀಗಾದ್ರೆ ನಾನು ಸಿದ್ಧ ಉಡುಪಿನ ಅಂಗಡಿಗೆ ಹೇಳಬೇಕಾಗುತ್ತೆ. ಬೇಜಾರಾಗ್ಬೇಡಿ."

ಅವರು ಮೆಟ್ಟಿಲಿಳಿಯುವ ತನಕ ತಡೆದು ಅವಳು ಗಂಡನನ್ನು ಕೇಳಿದಳು. "ರೀ, ಕಿಟಕಿ ಕೆಳಗಿನ ಜಾಗ ನಂಗೆ ಬೇಕು. ಈ ಕೋಟುಗಳು ಮುಗಿಯೋವರೆಗಾದ್ರೂ."

"ನಾನೇನು ಬೇಡ ಅಂದ್ನಾ?" ಅವನಿಗೆ ನಿಜಕ್ಕೂ ನೋವಾಯಿತು. "ಯಾರಿಗೋಸ್ಕರ ಇಷ್ಟೆಲ್ಲ ಮಾಡ್ತಿದೀನಿ? ಮನೆಯವರೆಲ್ಲ ಒಳ್ಳೇ ಸಂಗೀತ ಕೇಳಲಿ ಅಂತ ತಾನೇ? ಗೆರೆ ನೇರ ಆದ ದಿನ ಕೋಣೆ ನಿಂದು. ಮಾತು ಕೊಟ್ಟಿದೀನಿ, ಬರೆದಿಟ್ಕೋ."

ಹಾಗೆ, ಕೋಟುಗಳ ಹಣೆಬರಹ ಆ ಗೆರೆಯ ಬಲತುದಿಯಲ್ಲಿ ನೇತುಬಿತ್ತು.

ಅವಳು ಮನಸ್ಸಿಟ್ಟು ನಿಶ್ಶಬ್ದ ಮಾಡತೊಡಗಿದಳು. ನಾಯಿಗೆ ದುಬಾರಿ ಬಿಸ್ಕತ್ತು ಹಾಕಿದಳು. ಅತ್ತೆಗೆ ಬಿಸಿನೀರಿನ ಜೊತೆ ಜೇನು ಕೊಟ್ಟಳು. ಗೆರೆ ಮಾತ್ರ ಜಾರಿಕೊಂಡೇ ಇತ್ತು. ಗಂಡ ಸಣ್ಣ ಸದ್ದಿನ ಬಿಡಿಭಾಗವನ್ನು ಬದಲಾಯಿಸಿದ, ಪೆಟ್ಟಿಗೆಯೊಳಗೆ ಉಣ್ಣೆ ತುರುಕಿದ, ಮೈಕನ್ನು ಬೆರಳಗಲ ಬೆರಳಗಲ ಸರಿಸಿ ಸರಿಸಿ ಅಳೆದ. ಜಾರುಬಂಡಿ ಜಾರುಬಂಡಿಯೇ. ನಡುವಿನ ಉಬ್ಬು ಮಾತ್ರ ಒಂದು ದಿನ ಸಣ್ಣದು, ಒಂದು ದಿನ ದೊಡ್ಡದು. ಈ ಉಬ್ಬಿನ ಬಗ್ಗೆ ಗುಂಪಿನಲ್ಲಿ ಎರಡು ಪಂಗಡವೇ ಆಗಿತ್ತು. ಕೆಲವರು ಪೆಟ್ಟಿಗೆಯ ದೋಷ ಅಂದರು. ಗುರುಗಳು ಮಾತ್ರ, "ಇಲ್ಲ, ಇದರಲ್ಲಿ ಒಂದು ಮನುಷ್ಯತ್ವ ಇದೆ. ಆರ್ದ್ರತೆ ಇದೆ. ಅದನ್ನ ಕಳೀಬೇಡಿ" ಎಂದು ಬರೆದಿದ್ದರು. ಗಂಡ ಅದನ್ನು ಎಲ್ಲರಿಗೂ ಓದಿ ಹೇಳಿದ್ದ.

ಒಂದು ಮಧ್ಯಾಹ್ನ ಅವನು ಕಚೇರಿಗೆ ಹೋಗಿದ್ದಾಗ ಮಗಳು ಪಾಠದ ಏನನ್ನೋ ಹುಡುಕಲು ಲ್ಯಾಪ್‌ಟಾಪ್ ತೆಗೆದಳು. ಬೆಳಗಿನ ರೆಕಾರ್ಡಿಂಗ್ ತೆರೆದೇ ಇತ್ತು. ಸುಮ್ಮನೆ ಒತ್ತಿದಳು.

"...ಹಾಳಾದ ಗೆರೆ. ನೇರ ಆಗೋದಾದ್ರೆ ನೀವು ಮೊದಲು ಆಗಿ..."

ಓಣಿಯಲ್ಲಿ ಹೊಲಿಯುತ್ತಿದ್ದವಳ ಕಾಲು ನಿಂತಿತು. ಅದು ಅವಳದೇ ದನಿ. ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರ. ಅದರ ಹಿಂದೆ, ಎಲ್ಲೋ ದೂರದಲ್ಲಿ, ಗೋಡೆಯ ಆಚೆ, ಒಂದು ಎಮ್ಮೆ ನರಳಿ ನರಳಿ ಮೇಲೇರುತ್ತಿತ್ತು. ಸೊಳ್ಳೆಯಾಗುವ ಮುಂಚೆಯೇ ಗೋಡೆ ಅದನ್ನು ನುಂಗಿತು.

"ಅಮ್ಮಾ!" ಮಗಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. "ಅಪ್ಪ ಆ ಮೈಕನ್ನ ಸೆಲೆಕ್ಟೇ ಮಾಡಿಲ್ಲ! ವೈರು ಚುಚ್ಚಿದ್ರೆ ಸಾಲದಮ್ಮ, ಯಾವ ಮೈಕಿಂದ ಕೇಳಿಸ್ಕೋಬೇಕು ಅಂತ ಇಲ್ಲಿ ಹೇಳ್ಬೇಕು. ನೋಡು, ಇದು ಲ್ಯಾಪ್‌ಟಾಪಿನ ಸ್ವಂತ ಮೈಕು. ಇಷ್ಟು ದಿನ ಇದೇ ಕೇಳಿಸ್ಕೊಂಡಿರೋದು. ಅಪ್ಪ ಅಳೆದಿರೋದು ಮುಂದಿನ ಕೋಣೇನ ಅಲ್ಲ, ಅಡುಗೆಮನೇನ!"

ಹಳೆಯವನ್ನೆಲ್ಲ ಒಂದೊಂದಾಗಿ ತೆರೆದರು. ಎಲ್ಲದರಲ್ಲೂ ಅವಳೇ. ಪರದೆ ಬಿಚ್ಚಿದ ದಿನ, ಯಂತ್ರ ಎತ್ತಿದ ದಿನ, ತೋಳು ಕೆಟ್ಟ ದಿನ. ಗೊಣಗಾಟ ಜೋರಾದ ದಿನ ಗೆರೆಯ ನಡುವೆ ಉಬ್ಬು ದೊಡ್ಡದು. ನಿದ್ದೆಗಣ್ಣಲ್ಲಿ ಸುಮ್ಮನಿದ್ದ ದಿನ ಸಣ್ಣದು. ಗುರುಗಳು ಮೆಚ್ಚಿದ ಮನುಷ್ಯತ್ವ ಯಾರದೆಂದು ಗೊತ್ತಾಗಿ ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಒಳಗಿನಿಂದ, "ಏನ್ರೇ ಅದು, ನಂಗೂ ಹೇಳ್ರೇ" ಅಂದರು. ಇವರು ಹೇಳಿದರು. ಅತ್ತೆಗೆ ಅರ್ಧ ಕೇಳಿಸಿತು, ಪೂರ್ತಿ ನಕ್ಕರು.

ನಗು ಮುಗಿದ ಮೇಲೆ ಅವಳು ಆ ಲ್ಯಾಪ್‌ಟಾಪನ್ನು ಸ್ವಲ್ಪ ಹೊತ್ತು ನೋಡಿದಳು. ಆ ಮನೆಯಲ್ಲಿ ಅವಳಾಡಿದ್ದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡದ್ದು ಇದೊಂದೇ. ಅದೂ ತಪ್ಪಿನಿಂದ.

"ಅಪ್ಪಂಗೆ ಹೇಳ್ಲಾ?"

"ತಡಿ. ನಾನೇ ಹೇಳ್ತೀನಿ."

ಸಂಜೆ ಅವನು ಬಂದು ಕೂತ ಮೇಲೆ ಚಹಾ ಕೊಟ್ಟು ಅಂದಳು: "ರೀ, ಬೆಳಿಗ್ಗೆ ರೆಕಾರ್ಡ್ ಮಾಡಿದ್ದನ್ನ ಒಂದ್ಸಲ ಕಿವಿಗೊಟ್ಟು ಕೇಳಿ ನೋಡಿ."

"ಅದನ್ನ ಯಾರಾದ್ರೂ ಕೇಳ್ತಾರೇನೇ?" ಅವನು ನಕ್ಕ. ಮಗುವಿನ ಪ್ರಶ್ನೆಗೆ ನಗುವ ಹಾಗೆ. "ಅದು ಕೇಳೋದಲ್ಲ, ನೋಡೋದು. ಕಿವಿ ಮೋಸ ಮಾಡುತ್ತೆ, ಗೆರೆ ಮಾಡಲ್ಲ."

"ಆದ್ರೂ ಒಂದ್ಸಲ. ಅದ್ರಲ್ಲಿ..."

"ನಿಂಗೆ ಗುಂಡಿ ಒತ್ತೋದು ಬೇಜಾರಾಗಿದ್ರೆ ಹಾಗಂತ ಹೇಳು. ಇರ್ಲಿ ಬಿಡು, ಇನ್ನೇನು ಮುಗೀತು. ಗುರುಗಳಿಗೆ ಕಾರಣ ಸಿಕ್ಕಿದೆ!" ಅವನು ಮುಂದಕ್ಕೆ ಬಾಗಿದ. ಕಣ್ಣು ಹೊಳೆಯುತ್ತಿತ್ತು. "ಸಣ್ಣ ಸದ್ದೆಲ್ಲ ಸೋರಿ ಹೋಗ್ತಿರೋದು ಕಿಟಕಿಯಿಂದ. ಬಡಗಿಗೆ ಹೇಳಿ ಬಂದೆ. ಹಲಗೆ ಹೊಡೆಸಿ ಪೂರ್ತಿ ಮುಚ್ಚಿಬಿಡೋದು."

ಅವಳ ಕೈಯಲ್ಲಿದ್ದ ಖಾಲಿ ಲೋಟ ಅಲ್ಲೇ ನಿಂತಿತು. "ಕಿಟಕಿ ಮುಚ್ಚಿದ್ಮೇಲೆ ಕೋಣೆ ಕೊಟ್ರೆಷ್ಟು ಬಿಟ್ರೆಷ್ಟು?"

"ಒಳ್ಳೇ ಲೈಟ್ ಹಾಕಿಸಿಕೊಡ್ತೀನಮ್ಮ! ಹಗಲಿಗಿಂತ ಚೆನ್ನಾಗಿರುತ್ತೆ. ಎಲ್ಲದಕ್ಕೂ ಕೊಕ್ಕೆ ಹಾಕ್ಬೇಡ."

ಬಡಗಿ ಹಲಗೆಗಳನ್ನು ತಂದು ಬಾಗಿಲ ಪಕ್ಕ ಒರಗಿಸಿ ಹೋದ. ಬೆಳಿಗ್ಗೆ ತಿಂಡಿ ಹೊತ್ತಿಗೆ ಬಂದು ಹೊಡೆಯುತ್ತೇನೆ ಎಂದ. ಮಲಗುವ ಮುಂಚೆ ಮಗಳು ಅಡುಗೆಮನೆಗೆ ಬಂದು, ಲ್ಯಾಪ್‌ಟಾಪ್ ತೆರೆದು, ತಾಯಿಯ ಬೆರಳು ಹಿಡಿದು ತೋರಿಸಿದಳು. "ಇಲ್ಲಿ ಒತ್ತು. ಪಟ್ಟಿ ಬಿಚ್ಚಿಕೊಳ್ಳುತ್ತೆ. ಎರಡನೇ ಹೆಸರು, ಅದೇ ಕಾಲಿನ ಮೇಲಿರೋ ಮೈಕು. ಅದನ್ನ ಸೆಲೆಕ್ಟ್ ಮಾಡಿಬಿಡು. ಗೆರೆ ತಾನಾಗೇ ನೇರ ಬರುತ್ತೆ, ಅಪ್ಪಂಗೆ ಗೊತ್ತೂ ಆಗಲ್ಲ. ಅವರು ಕುಣೀತಾರೆ, ನಿಂಗೆ ಕೋಣೆ ಸಿಗುತ್ತೆ. ಕಿಟಕೀನೂ ಉಳಿಯುತ್ತೆ."

ಎಷ್ಟು ಸಲೀಸು.

ಮರುದಿನ ಬೆಳಕು ಹರಿಯುವ ಮುಂಚೆ ಅವಳು ಎದ್ದಳು. ಫ್ರಿಜ್ಜಿನ ಪ್ಲಗ್ಗು ಕಿತ್ತಳು. ಗಡಿಯಾರ ಇಳಿಸಿದಳು. ನಲ್ಲಿಗೆ ಪಟ್ಟಿ ಕಟ್ಟಿದಳು. ಬೆಕ್ಕು, ನಾಯಿ, ಫೋನು, ಕೆಮ್ಮು, ಒಂದನ್ನೂ ಬಿಡಲಿಲ್ಲ. ಆಮೇಲೆ ಬಂದು ಅಡುಗೆಮನೆಯ ಕಟ್ಟೆಯ ಮುಂದೆ ನಿಂತಳು. ಬಾಗಿಲ ಸಂದಿಯಲ್ಲಿ ಗಂಡನ ಬೆನ್ನು ಕಾಣುತ್ತಿತ್ತು. ಬಗ್ಗಿ ಮೈಕನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಮಾಡುತ್ತಿದ್ದ. ಏನನ್ನೂ ಕೇಳದ ಆ ಮೈಕಿನ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ. ಆ ಒರೆಸಿದ ರೀತಿ ನೋಡಿ ಅವಳಿಗೆ ಪಾಪ ಅನ್ನಿಸಿತು. ಆ ಮನೆಯಲ್ಲಿ ಅವನು ಏನನ್ನಾದರೂ ಒರೆಸಿದ್ದು ನೋಡಿ ಎಷ್ಟೋ ಕಾಲವಾಗಿತ್ತು.

ಪಟ್ಟಿ ಬಿಚ್ಚಿದಳು. ಎರಡು ಹೆಸರು ಒಂದರ ಕೆಳಗೊಂದು ಬಂದವು. ಬಾಣದ ಗುರುತನ್ನು ಎರಡನೆಯದರ ಮೇಲೆ ತಂದು ನಿಲ್ಲಿಸಿದಳು.

ಒತ್ತಿದರೆ ಆಯಿತು. ಗೆರೆ ನೇರವಾಗುತ್ತದೆ. ಅವನು ಕುಣಿಯುತ್ತಾನೆ. ಮೈಕನ್ನು ಕೂದಲೆಳೆಯಷ್ಟು ಸರಿಸಿದ್ದರಿಂದ ಆಯಿತು ಎಂದು ಗುಂಪಿಗೆ ಬರೆಯುತ್ತಾನೆ. ಗುರುಗಳು ಮೆಚ್ಚುತ್ತಾರೆ. "ತಗೋ, ಮಾತು ಕೊಟ್ಟ ಹಾಗೆ" ಅಂತ ಕೋಣೆಯನ್ನು ಅವಳಿಗೆ ದಾನ ಮಾಡುತ್ತಾನೆ. ಅಂಗಿಯ ಕಿತ್ತ ಗುಂಡಿಯನ್ನು ಅವನು ತೊಡುವ ಮುಂಚೆಯೇ ಹೊಲಿದಿಟ್ಟಂತೆ, ಉಪ್ಪು ಹೆಚ್ಚಾದದ್ದನ್ನು ಯಾರೂ ಬಾಯಿಗಿಡುವ ಮುಂಚೆಯೇ ಸರಿಮಾಡಿದಂತೆ, ಇದೂ ಒಂದು. ಆಗಿದ್ದೇ ಗೊತ್ತಾಗದ ಕೆಲಸಗಳ ಸಾಲಿಗೆ ಇನ್ನೊಂದು. ಅದಕ್ಕೆ ಸಿಗುವ ಕೋಣೆಯೋ, ಅವನು ಇನ್ನೊಂದು ಜೊತೆ ಪೆಟ್ಟಿಗೆ ಕಟ್ಟುವ ದಿನದವರೆಗೆ.

ಆ ಕೋಣೆ ಅವನು ಕೊಡಬೇಕಾದದ್ದು ಯಾವಾಗಿಂದ ಆಯಿತು?

ಬಾಗಿಲ ಸಂದಿಯಲ್ಲಿ ಕೈ ಎದ್ದಿತು. ಆ ಕೈಯ ಆಚೆ, ಕಿಟಕಿಯ ಗಾಜಿನಲ್ಲಿ, ಆಕಾಶದ ಅಂಚು ಬೆಳ್ಳಗಾಗುತ್ತಿತ್ತು. ಬಿಳಿ ಬಟ್ಟೆಯ ಒಳಮೈ ಹೊರಮೈ ಗೊತ್ತಾಗಲು ಇನ್ನು ಸ್ವಲ್ಪ ಬೆಳಕು ಸಾಕಿತ್ತು.

ಅವಳು ಬಾಣವನ್ನು ಇದ್ದಲ್ಲೇ ಬಿಟ್ಟು ಕೈ ತೆಗೆದಳು. ಎರಡು ಹೆಜ್ಜೆ ನಡೆದು ಫ್ರಿಜ್ಜಿನ ಪ್ಲಗ್ಗು ಚುಚ್ಚಿದಳು. ಫ್ರಿಜ್ಜು ಮೈ ನಡುಗಿಸಿ, ಗಂಟಲು ಸರಿಮಾಡಿಕೊಂಡು, ಗುರ್‌ ಎಂದು ಶುರು ಮಾಡಿತು.

"ಲೇ, ಏನದು ಸದ್ದು?" ಎಂದ ಅವನು, ಎತ್ತಿದ ಕೈ ಎತ್ತಿಕೊಂಡೇ.

ಅವಳು ಓಣಿಗೆ ಹೋಗಿ ಹೊಲಿಗೆ ಯಂತ್ರವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಬಿಳಿ ಬಟ್ಟೆಯ ಗಂಟನ್ನು ಇನ್ನೊಂದು ಕಂಕುಳಲ್ಲಿ ಅವುಚಿಕೊಂಡಳು. ಎರಡು ಕೈಯೂ ತುಂಬಿದ್ದರಿಂದ ಮುಂದಿನ ಕೋಣೆಯ ಬಾಗಿಲನ್ನು ಕಾಲಿನಿಂದ ತಳ್ಳಿದಳು.